ವರ್ಟನ ಮರಗಾಲು, ನಮ್ಮ ಕಾರಹುಣ್ಣಿಮೆ

ಸುಮಾರು ದಿನದಿಂದ ಬರೀಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಲೇ ಬಂದ ವಿಷಯ ಇದು. ಒಂದು ಕಂಪ್ಯೂಟರ್ ಗೇಮಿನ ಬಗ್ಗೆ. ಗೇಮು ಅಂದಕೂಡಲೇ ಮೂಗು ಮುರಿಯುವವರು ದಯವಿಟ್ಟು ಸ್ವಲ್ಪ ದೂರ ಜೊತೆಗೆ ಬನ್ನಿ... ಮುಂದೆ ಎತ್ತು, ಎಲೆಕ್ಷನ್, ಹೋಳಿಗೆ ಎಲ್ಲಾ ಬರುತ್ತವೆ :-)

ಡಯಾಬ್ಲೊ-2 ಅಂತ ಒಂದು ಆಟ. ಬ್ಲಿಝಾರ್ಡ್ ಕಂಪನಿಯದು, 2000ದ ಜೂನ್ ತಿಂಗಳಲ್ಲಿ ಬಂದದ್ದು. ಐದು ಥರದ ವೀರರಲ್ಲಿ ಒಬ್ಬರನ್ನು ಆರಿಸಿಕೊಂಡು, ನಾಲ್ಕು ಅಂಕ ದಾಟಿ, ಕೊನೆಗೆ ಡಯಾಬ್ಲೊ ಎಂಬ ಸೈತಾನನನ್ನು ಕೊಂದರೆ ಆಟ ಮುಗೀತು. ದಾರಿಯುದ್ದಕ್ಕೂ ನೆಲಮಾಳಿಗೆ, ಗವಿ, ಗೋರಿ, ಹಾಳುಬಿದ್ದ ಗುಡಿ. ಒಂದು ಜಾಗ ಮಾತ್ರ ಆ ದಾರಿಯಲ್ಲಿಲ್ಲ. ಅಲ್ಲಿಗೆ ಹೋಗು ಅಂತ ಆಟದಲ್ಲಿ ಯಾರೂ ಹೇಳುವುದಿಲ್ಲ, ಹೋಗದಿದ್ದರೆ ನಷ್ಟವೂ ಇಲ್ಲ. ಅದರ ಹೆಸರು 'ಸೀಕ್ರೆಟ್ ಕೌ ಲೆವೆಲ್'. ಗುಟ್ಟಿನ ದನದ ಹಟ್ಟಿ ಅನ್ನೋಣ. ಒಳಗೆ ಎರಡು ಕಾಲ ಮೇಲೆ ನಡೆಯುವ ನೂರಾರು ಆಕಳು, ಪ್ರತಿಯೊಂದರ ಕೈಯಲ್ಲೂ ಉದ್ದ ಹಿಡಿಕೆಯ ಕೊಡಲಿ!

ಈ ಜಾಗ ಹುಟ್ಟಿದ್ದೇ ಗಾಳಿಮಾತಿನಿಂದ. ಮೊದಲನೇ ಡಯಾಬ್ಲೊದಲ್ಲಿ ಟ್ರಿಸ್ಟ್ರಾಮ್ ಅನ್ನುವ ಊರಿತ್ತು, ಅಲ್ಲಿ ಆಕಳುಗಳು ಸುಮ್ಮನೆ ನಿಂತಿರುತ್ತಿದ್ದವು. ಕ್ಲಿಕ್ ಮಾಡಿದರೆ ಅಂಬಾ ಅನ್ನುತ್ತಿದ್ದವು, ಅಷ್ಟೇ. ಆದರೆ ಇಂತಿಷ್ಟು ಸಲ ಕ್ಲಿಕ್ ಮಾಡಿದರೆ ದನಗಳ ಲೋಕಕ್ಕೆ ಬಾಗಿಲು ತೆರೆಯುತ್ತದೆ ಅಂತ ಯಾರೋ ಹಬ್ಬಿಸಿದರು. ಜನ ಕ್ಲಿಕ್ ಮಾಡಿದರು, ಮಾಡಿದರು, ಮೌಸು ಸವೆಯುವವರೆಗೂ ಮಾಡಿದರು. ಬ್ಲಿಝಾರ್ಡ್‌ನವರು 1998ರಲ್ಲಿ ಸ್ಟಾರ್‌ಕ್ರಾಫ್ಟ್ ಅನ್ನುವ ಬೇರೊಂದು ಆಟ ತಂದಾಗ ಅದರಲ್ಲಿ ಒಂದು ಚೀಟ್ ಕೋಡ್ ಇಟ್ಟರು: ದನಗಳ ಲೆವೆಲ್ ಇಲ್ಲವೇ ಇಲ್ಲ ಅನ್ನುವ ಅರ್ಥದ ವಾಕ್ಯ. ಅದನ್ನು ಟೈಪ್ ಮಾಡಿದರೆ ಆ ಸುತ್ತು ಗೆದ್ದ ಹಾಗೆ. ಇಲ್ಲ ಅಂತ ಅಷ್ಟು ಒತ್ತಿ ಹೇಳಿದರೆ ಯಾರು ನಂಬುತ್ತಾರೆ ಹೇಳಿ! ಕೊನೆಗೆ ಎರಡನೇ ಡಯಾಬ್ಲೊದಲ್ಲಿ ನಿಜಕ್ಕೂ ಕಟ್ಟಿಬಿಟ್ಟರು. ಇದೆ ಇದೆ ಅಂತ ಜನ ನಂಬಿದ್ದಕ್ಕೇ ಆಗಿಹೋದ ಜಾಗ. ನಮ್ಮ ಕಡೆ ಎಷ್ಟೋ ಬೇವಿನ ಕಟ್ಟೆಗಳು ಗುಡಿಯಾದದ್ದೂ ಹಿಂಗೇ ಅಲ್ಲವೇ?

ನಮ್ಮ ಹತ್ತಿರಕ್ಕೂ ಅದು ಗಾಳಿಮಾತಾಗಿಯೇ ಬಂತು, ಅದೂ ಮೂರು ದಿಕ್ಕಿನಿಂದ. ನಾನು ಆಳಂದದವನು. ಅವ್ವನ ತವರು ಜೇವರ್ಗಿ. ಚಿಗವ್ವನನ್ನು ಕೊಟ್ಟದ್ದು ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಒಂದು ಹಳ್ಳಿಗೆ. ಒಂದೇ ಜಿಲ್ಲೆಯಾದರೂ ಯಾವ ಊರಿಂದ ಯಾವ ಊರಿಗೆ ಹೋಗಬೇಕೆಂದರೂ ಗುಲಬರ್ಗಾಕ್ಕೆ ಬಂದು ಬಸ್ಸು ಬದಲಿಸಬೇಕು. (ಕಲಬುರಗಿ ಅಂತ ಸರಕಾರಿ ಹೆಸರು ಬಂದದ್ದು 2014ರ ನವೆಂಬರಿನಲ್ಲಿ. ನಮ್ಮ ಆಯಿ ಮೊದಲಿನಿಂದಲೂ ಕಲಬುರ್ಗಿ ಅಂತಲೇ ಅನ್ನುತ್ತಿದ್ದಳು, ಅವಳಿಗೆ ಯಾವ ಗೆಜೆಟ್ಟೂ ಬೇಕಿರಲಿಲ್ಲ.) ಹಾಗಾಗಿ ನಾವು ಅಣ್ಣತಮ್ಮಂದಿರು ಸೇರುತ್ತಿದ್ದದ್ದು ವರ್ಷಕ್ಕೊಮ್ಮೆ, ಬೇಸಿಗೆ ಸೂಟಿಯಲ್ಲಿ, ಜೇವರ್ಗಿಯ ಮಾಮಾನ ಮನೆಯಲ್ಲಿ.

ಮಾಮಾ ಮನೆಯ ಮುಂದಿನ ಕೋಣೆಯಲ್ಲೇ ಡಿ.ಟಿ.ಪಿ. ಅಂಗಡಿ ಇಟ್ಟಿದ್ದ. ಲಗ್ನಪತ್ರಿಕೆ, ಬಿಲ್ ಬುಕ್ಕು, ಬಯೋಡಾಟಾ. ಒಂದೇ ಕಂಪ್ಯೂಟರು. ಅದರಲ್ಲಿ ಪೇಜ್‌ಮೇಕರ್, ನುಡಿ, ಇವೆರಡರ ನಡುವೆ ಬಚ್ಚಿಟ್ಟ ಹಾಗೆ ಡಯಾಬ್ಲೊ-2. ಅಸಲಿಗೆ ಹುಚ್ಚು ಹತ್ತಿಸಿದ್ದೇ ಮಾಮಾ. ಆ ಆಟ ಮೂರು ಸಿ.ಡಿ.ಗಳಲ್ಲಿ ಬರುತ್ತಿತ್ತು: ಇನ್‌ಸ್ಟಾಲ್, ಪ್ಲೇ, ಸಿನೆಮ್ಯಾಟಿಕ್ಸ್. ಅವನಿಗೆ ಸಿಕ್ಕಿದ್ದು ಮೊದಲಿನ ಎರಡೇ. ಹೀಗಾಗಿ ಅಂಕದ ನಡುವೆ ಬರುವ ಸಿನಿಮಾ ತುಣುಕುಗಳನ್ನು ನಾವು ನೋಡಲೇ ಇಲ್ಲ, ಕತೆಯನ್ನು ನಾವೇ ಕಟ್ಟಿಕೊಂಡೆವು. ಆಮೇಲೆ ಎಷ್ಟೋ ವರ್ಷಕ್ಕೆ ಅವನ್ನು ನೋಡಿದಾಗ ನಮ್ಮ ಕತೆಯೇ ವಾಸಿ ಅನ್ನಿಸಿತು, ಇರಲಿ.

ನಾನು ಹೇಳುತ್ತಿರುವುದು 2004ರ ಬೇಸಿಗೆ. ನಾನು ಡಿಗ್ರಿ ಎರಡನೇ ವರ್ಷ ಮುಗಿಸಿದ್ದೆ, ಚಿಗವ್ವನ ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದ. ಅವನು ಬಾರ್ಬೇರಿಯನ್ ಅನ್ನುವ ಪಾತ್ರ ಹಿಡಿದು ಹಿಂದಿನ ವರ್ಷದಿಂದ ಆಡುತ್ತಾ ಬಂದವನು ಮೇ ಮೊದಲ ವಾರದಲ್ಲಿ ಡಯಾಬ್ಲೊನನ್ನು ಕೊಂದ. ಮುಂದೇನು ಅಂತ ಕೂತಾಗ ಗಾಳಿಮಾತುಗಳು ಹೊರಬಿದ್ದವು. ಆಳಂದದ ನನ್ನ ಗೆಳೆಯರ ಪ್ರಕಾರ ಆಕಳನ್ನು ಕ್ಲಿಕ್ ಮಾಡುತ್ತಲೇ ಇರಬೇಕು. ತಮ್ಮ ಅಫಜಲಪುರದಲ್ಲಿ ಕೇಳಿಕೊಂಡು ಬಂದದ್ದು ಬೇರೆ: ಆ 'ಇಲ್ಲ' ಅನ್ನುವ ವಾಕ್ಯವನ್ನೇ ಇಲ್ಲಿ ಟೈಪ್ ಮಾಡಬೇಕಂತೆ. ಎರಡೂ ಮಾಡಿ ನೋಡಿದೆವು. ಏನೂ ಇಲ್ಲ. ಮೂರನೆಯದು ಜೇವರ್ಗಿಯಲ್ಲೇ ಸಿಕ್ಕಿತು. ಬಯೋಡಾಟಾ ಮಾಡಿಸಲು ಬಂದಿದ್ದ ಒಬ್ಬ ಹುಡುಗ ಪರದೆಯ ಮೇಲಿನ ಐಕಾನ್ ನೋಡಿ, "ವರ್ಟನ ಕಾಲು ತಂದೀರೇನು?" ಅಂದ.

ವರ್ಟ್ ಯಾರು ಅಂತ ಹೇಳಬೇಕು. ಮೊದಲನೇ ಡಯಾಬ್ಲೊದಲ್ಲಿ ಟ್ರಿಸ್ಟ್ರಾಮ್ ಊರಿನ ಅಂಚಿಗೆ ನಿಂತಿರುತ್ತಿದ್ದ ಒಬ್ಬ ಹುಡುಗ, ಒಂದು ಕಾಲು ಮರದ್ದು. ವ್ಯಾಪಾರಸ್ಥ. ಸಾಮಾನು ಮಾರುವುದಿರಲಿ, ಬರೀ ತೋರಿಸಲಿಕ್ಕೇ 50 ಚಿನ್ನದ ನಾಣ್ಯ ಕೇಳುತ್ತಿದ್ದ! ಎರಡನೇ ಡಯಾಬ್ಲೊದಲ್ಲಿ ಆ ಊರು ಸುಟ್ಟು ಹಾಳಾಗಿದೆ, ವರ್ಟ್ ಹೆಣವಾಗಿ ಬಿದ್ದಿದ್ದಾನೆ. ಪಂಜರದಲ್ಲಿರುವ ಕೇನ್ ಎಂಬ ಮುದುಕನನ್ನು ಬಿಡಿಸಲು ಅಲ್ಲಿಗೆ ಹೋದವರು ಹೆಣ ಮುಟ್ಟಿದರೆ ಒಂದಷ್ಟು ನಾಣ್ಯ ಉದುರುತ್ತವೆ, ಜೊತೆಗೆ ಆ ಮರಗಾಲು. ನಾಣ್ಯ ಎತ್ತಿಕೊಂಡು ಕಾಲನ್ನು ಕಸ ಅಂತ ಬಿಟ್ಟು ಬರುವುದು ಲೋಕರೂಢಿ. ಆ ಕಾಲನ್ನು ಹೊರಾಡ್ರಿಕ್ ಕ್ಯೂಬ್ ಅನ್ನುವ ಮಾಯಾಪೆಟ್ಟಿಗೆಯಲ್ಲಿ (ಎರಡನೇ ಅಂಕದ ಮರುಭೂಮಿಯ ಗೋರಿಯೊಂದರಲ್ಲಿ ಸಿಗುತ್ತದೆ) ಹಾಕಿ, ಊರಿಗೆ ವಾಪಸಾಗುವ ಮಂತ್ರದ ಸುರುಳಿಯನ್ನೂ ಹಾಕಿ, ಗುಂಡಿ ಒತ್ತಬೇಕು ಅಂದ ಆ ಹುಡುಗ.

ಟ್ರಿಸ್ಟ್ರಾಮಿಗೆ ಹೋಗಿ ಕಾಲು ತಂದೆವು. ಸುರುಳಿ ಹಾಕಿದೆವು. ಒತ್ತಿದೆವು. ಪೆಟ್ಟಿಗೆ ಸುಮ್ಮನಿತ್ತು. ಎರಡು ಸುರುಳಿ ಹಾಕಿದೆವು. ಊಹೂಂ. ಬೇರೆ ಬೇರೆ ಅಂಕಕ್ಕೆ ಹೋಗಿ ಒತ್ತಿದೆವು. ಹೀಗೇ ನಾಲ್ಕು ರಾತ್ರಿ ಹೋದವು.

ರಾತ್ರಿ ಅಂದೆನಲ್ಲ, ಹಗಲು ಕಂಪ್ಯೂಟರು ಮುಟ್ಟುವ ಹಾಗೇ ಇರಲಿಲ್ಲ. ಅದು ಎಲೆಕ್ಷನ್ ವರ್ಷ. ಏಪ್ರಿಲ್‌ನಲ್ಲಿ ಮತದಾನ, ಮೇ 13ಕ್ಕೆ ಎಣಿಕೆ, ಅಲ್ಲಿವರೆಗೆ ಕರಪತ್ರ. ಆಮೇಲೆ ಲಗ್ನದ ಸುಗ್ಗಿ. ಅದು ಇಳಿಯಿತು ಅನ್ನುವಾಗ, ಮೇ 28ಕ್ಕೆ ಜೇವರ್ಗಿಯ ಶಾಸಕ ಧರ್ಮಸಿಂಗ್ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು! ತಗೊಳ್ಳಿ, ಅಭಿನಂದನೆಯ ಕರಪತ್ರಗಳು. ಊರಿಗೆ ಊರೇ ಖುಷಿಯಲ್ಲಿದ್ದರೆ ನಾವಿಬ್ಬರು ಮಾತ್ರ ಮುಖ ಇಳಿಬಿಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆವು.

ಮಾಮಾ ಕಾಗದದ ರೀಮು ತರಲು ಗುಲಬರ್ಗಾಕ್ಕೆ ಹೋದವನು ನಮ್ಮ ಮೇಲೆ ಕನಿಕರಪಟ್ಟು ಸೈಬರ್ ಕೆಫೆಗೆ ಹೊಕ್ಕು ನೋಡಿಕೊಂಡು ಬಂದ. ಯಾರದೋ ಲಗ್ನಪತ್ರಿಕೆಯ ಬೆನ್ನಿಗೆ ಬರೆದುಕೊಂಡಿದ್ದ, ಎರಡೇ ಸಾಲು: "ಸುರುಳಿ ಅಲ್ಲ, ಪುಸ್ತಕ. ರಾಜನಿಗೆ ಕೈ ಹಚ್ಚಬ್ಯಾಡ್ರಿ."

ಸುರುಳಿಗಳನ್ನು ತುಂಬಿಟ್ಟುಕೊಳ್ಳುವ ಪುಸ್ತಕ ಒಂದಿರುತ್ತದೆ, ಅದನ್ನೇ ಇಡಿಯಾಗಿ ಪೆಟ್ಟಿಗೆಗೆ ಹಾಕಬೇಕಿತ್ತು, ಅದೂ ಮೊದಲ ಅಂಕದ ಬಿಡಾರದಲ್ಲಿ ನಿಂತು. ಕಾಲೂ ಹೋಗುತ್ತದೆ, ಪುಸ್ತಕವೂ ಹೋಗುತ್ತದೆ, ಕೆಂಪು ಬಾಗಿಲು ತೆರೆಯುತ್ತದೆ. (ಹೋಗುವ ಮುಂಚೆ ಇನ್ನೊಂದು ಪುಸ್ತಕ ಕೊಂಡಿಟ್ಟುಕೊಳ್ಳಿ, ಇಲ್ಲದಿದ್ದರೆ ಒಳಗಿಂದ ಓಡಿ ಬರಲು ದಾರಿ ಇರುವುದಿಲ್ಲ.) ಇನ್ನು ಎರಡನೇ ಸಾಲು. ಹಟ್ಟಿಯೊಳಗೆ ಒಬ್ಬ ದನಗಳ ರಾಜ ಇರುತ್ತಾನೆ. ಬಾಗಿಲು ತೆರೆದವನೇ ಅವನನ್ನು ಕೊಂದರೆ, ಆ ಪಾತ್ರಕ್ಕೆ ಆ ಹಂತದಲ್ಲಿ ಬಾಗಿಲು ಮತ್ತೆಂದೂ ತೆರೆಯುವುದಿಲ್ಲ. ಉಳಿದ ಎಲ್ಲ ಕಡೆ ದೊಡ್ಡವನನ್ನು ಕೊಲ್ಲುವುದೇ ಗುರಿ. ಇಲ್ಲಿ ಅವನನ್ನು ಬಿಟ್ಟು ಬಂದವನೇ ಜಾಣ.

ಜೂನ್ 1ರ ರಾತ್ರಿ ಬಾಗಿಲು ತೆರೆಯಿತು. ನಮ್ಮಿಬ್ಬರ ಕಿರುಚಾಟಕ್ಕೆ ಮಾಮಾ ಎದ್ದು ಬಂದು ಒಂದೊಂದು ಗುದ್ದು ಕೊಟ್ಟು, ತಾನೂ ನಿಂತು ನೋಡಿದ. ಹಸಿರು ಬಯಲು, ಅಲ್ಲಲ್ಲಿ ಕಟ್ಟಿಗೆಯ ಬೇಲಿ, ಕತ್ತಲೊಳಗಿಂದ "ಮೂ ಮೂ" ಅನ್ನುವ ಸದ್ದು. ತಮ್ಮ ನಾಲ್ಕು ದನ ಹೊಡೆದಿದ್ದನೋ ಇಲ್ಲವೋ, ಕರೆಂಟು ಹೋಯಿತು. ಮಾಮಾನ ಯು.ಪಿ.ಎಸ್. ಹತ್ತು ನಿಮಿಷ ಕುಂಯ್ ಕುಂಯ್ ಅಂದು ಪ್ರಾಣ ಬಿಡುವಂಥದ್ದು. ಹಟ್ಟಿಯ ಕಷ್ಟವೇ ಇದು: ಒಂದೇ ಕೂರುಗೆಯಲ್ಲಿ ಮುಗಿಸಬೇಕು. ಸೇವ್ ಮಾಡಿ ಹೊರಬಂದರೆ ವೀರ ಉಳಿಯುತ್ತಾನೆ, ಬಾಗಿಲು ಉಳಿಯುವುದಿಲ್ಲ. ಮತ್ತೆ ಟ್ರಿಸ್ಟ್ರಾಮು, ಮತ್ತೆ ವರ್ಟನ ಹೆಣ, ಮತ್ತೆ ಪುಸ್ತಕಕ್ಕೆ ದುಡ್ಡು. ಹತ್ತು ನಿಮಿಷ ಎಣಿಸುತ್ತಾ ಕೂತೆವು, ಕರೆಂಟು ಬರಲಿಲ್ಲ, ಸೇವ್ ಮಾಡಿದೆವು.

ಮತ್ತೆ ಕಾಲು ಕೈಗೆ ಬರುವಷ್ಟರಲ್ಲಿ ಜೂನ್ 3, ಕಾರಹುಣ್ಣಿಮೆ.

ನಮ್ಮ ಕಡೆಯ ಕಾರಹುಣ್ಣಿಮೆ ಗೊತ್ತಿಲ್ಲದವರಿಗೆ: ಅವತ್ತು ಹೋಳಿಗೆ ಮನುಷ್ಯರಿಗೆ ಇದ್ದರೂ ಹಬ್ಬ ಎತ್ತುಗಳದ್ದು. ಬೆಳಿಗ್ಗೆ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಮೈಮೇಲೆ ಜೂಲಾ ಹಾಕಿ, ಸಂಜೆಗೆ ಅಗಸಿಯಲ್ಲಿ ಕರಿ ಹರಿಯುವುದು. ಎತ್ತುಗಳನ್ನು ಓಡಿಸುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಪೀಕು ಚೆಂದ, ಕೆಂದೆತ್ತು ಬಂದರೆ ಮುಂಗಾರಿ. ತಮ್ಮ ಯಾವ ವರ್ಷವೂ ಆ ದಿನ ಜೇವರ್ಗಿಯಲ್ಲಿ ಉಳಿದವನಲ್ಲ. ಎರಡು ದಿನ ಮೊದಲೇ ಊರು ಸೇರುತ್ತಿದ್ದ, ಎತ್ತಿನ ಕೊರಳಿನ ಗೆಜ್ಜೆ ಉಜ್ಜಲಿಕ್ಕೆ. ಆ ವರ್ಷ ಅವನು ಹೋಗಲಿಲ್ಲ, ನಾವು ಯಾರೂ ಹೋಗು ಅನ್ನಲಿಲ್ಲ. 2001ರಿಂದ ಸತತ ಮೂರು ವರ್ಷ ಬರ ಬಿದ್ದಿತ್ತು. ಜೋಳ ಬರಲಿಲ್ಲ ಅಂದರೆ ಕಣಕಿಯೂ ಇಲ್ಲ. ಕಾಕಾ ಕೊಂಡು ತಂದು ಹಾಕಿ ನೋಡಿದ, ಆಗಲಿಲ್ಲ, ಚಳಿಗಾಲದಲ್ಲಿ ಜೋಡಿಯನ್ನು ಸಂತೆಗೆ ಹೊಡೆದುಕೊಂಡು ಹೋದ. ಆಮೇಲೆ ತಾನೂ ಪುಣೆಗೆ ದುಡಿಯಲು ಹೋದ. ತಮ್ಮ ಪಿ.ಯು.ಸಿ.ಗೆ ಗುಲಬರ್ಗಾಕ್ಕೆ ಸೇರುವುದೋ, ಅಪ್ಪನ ಹಿಂದೆ ಪುಣೆಗೆ ಹೋಗುವುದೋ ಅನ್ನುವುದು ಕಾಕಾನ ಫೋನಿನ ಮೇಲೆ ನಿಂತಿತ್ತು. ಫೋನು ಬಂದಿರಲಿಲ್ಲ.

ಸಂಜೆ ಜೇವರ್ಗಿಯಲ್ಲೂ ಕರಿ ಹರಿದರು. ನೋಡಲಿಕ್ಕೆ ಹೋಗೋಣ ಅಂದೆ. "ನೀ ಹೋಗಿ ಬಾ ಅಣ್ಣಾ," ಅಂದ. ನಾನೂ ಹೋಗಲಿಲ್ಲ.

ರಾತ್ರಿ ಹತ್ತಕ್ಕೆ ಕೂತೆವು. ಕರೆಂಟಿತ್ತು. ಬಾಗಿಲು ತೆರೆಯಿತು. ಈ ಹಟ್ಟಿಯಲ್ಲಿ ಬಹಳ ಜನ ಸಾಯುವುದು ಹೇಗೆಂದರೆ, ಮೂವತ್ತು ನಲವತ್ತು ದನ ಒಂದೇ ಗುಂಪಿನಲ್ಲಿ ನಿಂತಿರುತ್ತವೆ. ಒಳಗೆ ನುಗ್ಗಿದರೆ ಸುತ್ತುಗಟ್ಟಿಬಿಡುತ್ತವೆ. ಮಾಂತ್ರಿಕ ಪಾತ್ರ ಇದ್ದವರು ದೂರದಿಂದಲೇ ಬೆಂಕಿಯೋ ಹಿಮವೋ ಸುರಿಯಬಹುದು. ನಮ್ಮದು ಎರಡು ಕೈಗೆ ಎರಡು ಆಯುಧ ಹಿಡಿದ ಗಟ್ಟಿ ಆಳು, ಹತ್ತಿರ ಹೋಗಲೇಬೇಕು. ಬಾರ್ಬೇರಿಯನ್ನನ ಹೆಸರುವಾಸಿ ಸುಂಟರಗಾಳಿ ಏಟು ಬೇಕೆಂದರೆ 30ನೇ ಲೆವೆಲ್ ಆಗಬೇಕು, ನಮ್ಮವನು ಇನ್ನೂ ಮುಟ್ಟಿರಲಿಲ್ಲ. ಹಾಗಾದರೆ ಹೇಗಪ್ಪಾ ಅಂತ ನಾನು ಯೋಚಿಸುತ್ತಿದ್ದರೆ ತಮ್ಮ ಆಗಲೇ ಶುರು ಮಾಡಿದ್ದ.

"ನಡುವ ಹೋಗಬಾರ್ದು ಅಣ್ಣಾ. ಕಡಿಲಿಂದ ಒಂದೊಂದ ಬಿಡಿಸ್ಕೋಬೇಕು."

ಬಾರ್ಬೇರಿಯನ್ನನಿಗೆ 'ಟಾಂಟ್' ಅಂತ ಒಂದು ಕೂಗು ಇದೆ. ದೂರದ ಒಂದೇ ಪ್ರಾಣಿಯನ್ನು ಕೆಣಕಿ ತನ್ನ ಕಡೆ ಕರೆದುಕೊಳ್ಳುವ ಕೂಗು. ಅದಕ್ಕೆ ಯಾರೂ ಪಾಯಿಂಟು ಹಾಕುವುದಿಲ್ಲ. ತಮ್ಮ ಒಂದು ಹಾಕಿದ್ದ, ಯಾಕೆ ಅಂತ ನಾನು ಕೇಳಿರಲಿಲ್ಲ. ಗುಂಪಿನ ಅಂಚಿನಲ್ಲಿ ಮುಖ ಆ ಕಡೆ ಇರುವ ದನವನ್ನು ಹುಡುಕುವುದು, ಒಂದು ಕೂಗು ಹಾಕುವುದು, ಹಿಂದೆ ಹಿಂದೆ ಬಂದು ಬೇಲಿಯ ಸಂದಿಯಲ್ಲಿ ನಿಂತುಬಿಡುವುದು. ಸಂದಿಯಲ್ಲಿ ಒಮ್ಮೆಗೆ ಎರಡಕ್ಕಿಂತ ಹೆಚ್ಚು ನುಗ್ಗಲಾರವು. ಒಂದರ ಹಿಂದೆ ಐದಾರು ಬಂದರೆ 'ಹೌಲ್' ಅನ್ನುವ ಇನ್ನೊಂದು ಕೂಗು, ಅದಕ್ಕೆ ಹೆದರಿ ಚೆದುರುತ್ತವೆ. ಮತ್ತೆ ಒಂದನ್ನು ಕರೆ. ಸತ್ತ ದನದ ಮೈಯಿಂದ ಮದ್ದಿನ ಶೀಸೆ ಹುಡುಕಿಕೊ. ಮತ್ತೆ ಕರೆ. ಅವನ ಬಾಯಿಂದ ಅವನಿಗೇ ಗೊತ್ತಿಲ್ಲದೆ ಲೊಚ್ ಲೊಚ್ ಅನ್ನುವ ಸದ್ದು ಬರುತ್ತಿತ್ತು, ಹೊಲದಲ್ಲಿ ಎತ್ತಿಗೆ ಮಾಡುವ ಸದ್ದು. "ಬಾ ಬಾ ಬಾ... ಹೋ... ನಿಂದ್ರು." ಬೇಲಿ ಎಲ್ಲಿ ತಿರುಗುತ್ತದೆ, ಗುಂಪು ಯಾವ ಕಡೆ ಸರಿಯುತ್ತದೆ ಅನ್ನುವುದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಆಮೇಲೆ ನಾನು ಈ ಲೆವೆಲ್ ಬಗ್ಗೆ ಎಷ್ಟೋ ತಂತ್ರಗಳನ್ನು ಓದಿದ್ದೇನೆ. ದನ ಕಾಯ್ದವನು ಆಡಿದ ಹಾಗೆ ಆಡಿದವರನ್ನು ಇನ್ನೂ ನೋಡಿಲ್ಲ.

ಹನ್ನೊಂದರ ಸುಮಾರಿಗೆ ಆಯಿ ಎದ್ದು ಬಂದಳು. ನೀರು ಕುಡಿಯಲು ಬಂದವಳು ಪರದೆ ನೋಡಿ ನಿಂತಳು. ನನಗೆ ಎದೆ ಧಸಕ್ಕೆಂದಿತು... ಕಾರಹುಣ್ಣಿಮೆಯ ದಿನ, ಹೋಳಿಗೆ ಉಂಡ ಬಾಯಲ್ಲಿ, ಮೊಮ್ಮಕ್ಕಳು ದನ ಕಡಿಯುತ್ತಿದ್ದಾರೆ!

"ಏನವು? ಆಕಳೇನು?"

ಇಬ್ಬರೂ ಸುಮ್ಮನೆ ಕೂತೆವು. ಆಯಿ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಆಕಳ ಎರಡ ಕಾಲ ಮ್ಯಾಲ ನಿಂದರ್ತದೇನು? ಕೈಯಾಗ ಕೊಡ್ಲಿ ಹಿಡೀತದೇನು? ಇವು ಆಕಳ ಅಲ್ಲ ತಗಿ." ಸ್ಪೀಕರಿನ ಕಡೆ ಕಿವಿ ಕೊಟ್ಟಳು. "ಒದರೋದು ಕೇಳು. ಇದು ದನದ ದನಿ ಅಲ್ಲ. ಯಾವನೋ ಮನಷಾ ಕುಂತು ಒದರ್ಲತ್ತಾನ."

ಅವಳು ಹೇಳಿದ್ದು ಖರೇ. ಆ ಆಟದಲ್ಲಿ ದನದ ಕೂಗು ದನದ್ದಲ್ಲ, ಒಬ್ಬ ಮನುಷ್ಯ ಬಾಯಲ್ಲಿ "ಮೂ" ಅಂದದ್ದು, ತಮಾಷೆಗೆ ಅಂತಲೇ ಹಾಗೆ ಇಟ್ಟದ್ದು. ಜೇವರ್ಗಿಯ ಮುದುಕಿ ಒಂದೇ ಸಲಕ್ಕೆ ಹಿಡಿದಳು. "ದೆವ್ವ ಅವ. ಹೊಡಿರಿ," ಅಂತ ತೀರ್ಪು ಕೊಟ್ಟು, ತಮ್ಮನ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟು, ಒಳಗೆ ಹೋದಳು. ಅವನು ತೆರೆಯಿಂದ ಕಣ್ಣು ತೆಗೆಯಲಿಲ್ಲ.

ರಾಜ ಸಿಕ್ಕಿದ್ದು ಒಂದು ಗಂಟೆಗೆ. ಬೇಲಿಯ ಆಚೆ, ಸುತ್ತ ಐದಾರು ದನ ಕಟ್ಟಿಕೊಂಡು ನಿಂತಿದ್ದ. ನೋಡಲಿಕ್ಕೆ ಉಳಿದವುಗಳ ಹಾಗೇ ಇರುತ್ತಾನೆ, ಹೆಸರು ಬಂದಾಗಲೇ ಗೊತ್ತಾಗುವುದು. ಹೊಡೆದರೆ ಮೈಯಿಂದ ಮಿಂಚಿನ ಕಿಡಿ ಹಾರುತ್ತದೆ. ಅಷ್ಟೊತ್ತಿಗೆ ಹಟ್ಟಿ ಹೆಚ್ಚುಕಡಿಮೆ ಖಾಲಿಯಾಗಿತ್ತು, ನಮ್ಮವನ ಜೀವ ಪೂರ್ತಿ ಇತ್ತು, ಸೊಂಟದಲ್ಲಿ ಮದ್ದಿತ್ತು. ಹೊಡೆಯಬಹುದಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಹೊಡೆಯಬೇಕು ಅಂತಲೇ ಆಸೆ. ರಾಜನನ್ನು ಕೊಂದೆವು ಅಂತ ಹೇಳಿಕೊಳ್ಳಬಹುದಲ್ಲ! ತಮ್ಮ ಸುತ್ತಲಿನ ದನಗಳನ್ನು ಒಂದೊಂದಾಗಿ ಕರೆದು ತೀರಿಸಿದ. ರಾಜ ಒಬ್ಬನೇ ಉಳಿದ. ಅವನು ಮುಂದೆ ಬಂದರೆ ಇವನು ಹಿಂದೆ, ಬೇಲಿ ಸುತ್ತಿ ಇನ್ನೊಂದು ಕಡೆ. ಒಂದು ಏಟೂ ಹಾಕಲಿಲ್ಲ.

"ಇರ್ಲಿ ಅಣ್ಣಾ. ಬಾಗಲ ಮುಚ್ಚಾದ ಬ್ಯಾಡ. ಬರೂ ಸೂಟ್ಯಾಗ ಮತ್ತ ಬರೂನು."

ನೀಲಿ ಬಾಗಿಲು ತೆರೆದು ಬಿಡಾರಕ್ಕೆ ಬಂದು, ಸೇವ್ ಮಾಡಿ, ಮಲಗಿದೆವು.

ಫೋನು ಆ ವಾರವೇ ಬಂತು. ತಮ್ಮ ಗುಲಬರ್ಗಾದಲ್ಲಿ ರೈಲು ಹತ್ತಿ ಪುಣೆಗೆ ಹೋದ. ಮುಂದಿನ ಸೂಟಿಗೆ ನಾನು ಜೇವರ್ಗಿಗೆ ಹೋದಾಗ ಅವನಿಗೆ ರಜೆ ಇರಲಿಲ್ಲ, ಅದರ ಮುಂದಿನ ವರ್ಷ ನನಗೆ ಕೆಲಸ ಸಿಕ್ಕಿತ್ತು. ಮಾಮಾನ ಆ ಕಂಪ್ಯೂಟರನ್ನು ಹಾರ್ಡ್ ಡಿಸ್ಕ್ ಸಮೇತ ಯಾರೋ ಗುಜರಿಯವನು ತೂಕಕ್ಕೆ ಒಯ್ದ. ಮಾಮಾನಿಗೆ ಸಿಕ್ಕ ಹಳೇ ಲಗ್ನಪತ್ರಿಕೆಗಳಲ್ಲಿ ಆ ಎರಡು ಸಾಲಿನದ್ದನ್ನು ಹುಡುಕಿದೆ, ಇರಲಿಲ್ಲ. ಆಯಿ 2011ರಲ್ಲಿ ತೀರಿಕೊಂಡಳು. ತಮ್ಮ ಪುಣೆಯಲ್ಲಿ ಮೊದಲು ಬೇರೆಯವರ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತು ಈಗ ತನ್ನದೇ ಒಂದು ಇಟ್ಟಿದ್ದಾನೆ. ಊರಿನ ಹೊಲವನ್ನು ಟ್ರ್ಯಾಕ್ಟರು ಬಾಡಿಗೆಗೆ ಕರೆದು ಹೊಡೆಸುತ್ತಾರೆ, ತೊಗರಿ ಹಾಕುತ್ತಾರೆ. ಎತ್ತು ಮತ್ತೆ ಕಟ್ಟಲಿಲ್ಲ.

2021ರಲ್ಲಿ ಅದೇ ಆಟವನ್ನು ಹೊಸ ಬಣ್ಣ ಬಳಿದು 'ಡಯಾಬ್ಲೊ-2 ರಿಸರೆಕ್ಟೆಡ್' ಅಂತ ಬಿಟ್ಟರು. ನಾನು ಕೊಂಡೆ (ಈ ಸಲ ದುಡ್ಡು ಕೊಟ್ಟು!). ಬಿಡುವಾದಾಗ ಆಡಿ ಆಡಿ ಇತ್ತೀಚೆಗೆ ಆಟ ಮುಗಿಸಿ, ವರ್ಟನ ಕಾಲು ಕೈಗೆ ಬಂದ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಎಲ್ಲಾ ಹಾಗೇ ಇದೆ ಅಂದೆ, ಮೂ ಅನ್ನುವ ಮನಷಾ ಕೂಡ. ಒಂದು ಮಾತ್ರ ಬದಲಾಗಿದೆ: ಈಗ ರಾಜನನ್ನು ಕೊಂದರೂ ಬಾಗಿಲು ಮುಚ್ಚುವುದಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಗ್ರೈಂಡರಿನ ಸದ್ದು ಕೇಳುತ್ತಿತ್ತು.

"ಹಂಗಾದ್ರ ಏನ್ ಮಜಾ?" ಅಂದ. "ಮತ್ತ ನೀ ಹೊಡದೇನು ಅವನ್ನ?"

"ಇನ್ನಾ ಒಳಗ ಹೋಗಿಲ್ಲೋ. ಕಾಲು ಪೆಟಗ್ಯಾಗ ಹಾಕಿ ಕುಂತೀನಿ."

"ತಡಿ ಹಂಗಾರ. ಒಬ್ಬಾಂವ ಹೋಗಬ್ಯಾಡ, ನಿನಗ ದನ ಬಿಡಸಾಕ ಬರಂಗಿಲ್ಲ." ಗ್ರೈಂಡರು ನಿಂತಿತು. "ನನ್ನ ಮಗಂದು ಒಂದು ಲ್ಯಾಪ್‌ಟಾಪ್ ಅದ. ಎಷ್ಟ್ ರ್ಯಾಮ್ ಬೇಕದಕ?"

ಎಂಟು ಜಿ.ಬಿ. ಅಂದೆ. ನೋಡಿ ಹೇಳ್ತೀನಿ ಅಂದಿದ್ದಾನೆ.